ಕಾಲ್ಚೆಂಡಿನ ಮೇಷ್ಟ್ರು ರಹೀಮ್ ಸಾಹೇಬರು

ಪಾಠ ಪ್ರವೇಶ

ಆಟಗಾರರ ಹೆಸರು ನಾಲಿಗೆಯ ತುದಿಯಲ್ಲಿರುತ್ತದೆ. ಅವರಿಗೆ ಆಟ ಕಲಿಸಿದವರ ಹೆಸರು ಕೇಳಿದರೆ ತಡವರಿಸುತ್ತೇವೆ. ಭಾರತದ ಫುಟ್‌ಬಾಲ್ ತಂಡವನ್ನು ಏಷ್ಯಾ ಖಂಡದಲ್ಲಿ ಎರಡು ಬಾರಿ ಮೊದಲ ಸ್ಥಾನಕ್ಕೆ, ಒಲಿಂಪಿಕ್ ಕ್ರೀಡಾಕೂಟದಲ್ಲಿ ಒಮ್ಮೆ ನಾಲ್ಕನೆಯ ಸ್ಥಾನಕ್ಕೆ ತಲುಪಿಸಿದವರು ಹೈದರಾಬಾದಿನ ಒಬ್ಬ ಶಾಲಾಮಾಸ್ತರರು. ಅವರ ವೃತ್ತಿಜೀವನದ ಪರಿಚಯ ಈ ಪಾಠದಲ್ಲಿದೆ.

ಪಾಠ

ಹಿಂದೂಪುರದಲ್ಲಾಗಲಿ ಕಲ್ಯಾಣದುರ್ಗದಲ್ಲಾಗಲಿ ಸಂಜೆಯ ಹೊತ್ತು ಶಾಲೆಯ ಬಯಲಿಗೆ ಹೋಗಿ ನೋಡಿ. ಒಂದು ಕಡೆ ಕ್ರಿಕೆಟ್ ನಡೆದಿರುತ್ತದೆ, ಇನ್ನೊಂದು ಕಡೆ ಕಬಡ್ಡಿ. ಮೂಲೆಯಲ್ಲಿ ಎರಡೆರಡು ಇಟ್ಟಿಗೆಗಳನ್ನೋ ಚಪ್ಪಲಿಗಳನ್ನೋ ಗೋಲುಕಂಬಗಳೆಂದು ಇಟ್ಟುಕೊಂಡು ಹತ್ತಾರು ಹುಡುಗರು ಒಂದು ಚೆಂಡಿನ ಹಿಂದೆ ಬಿದ್ದಿರುತ್ತಾರೆ. ಹೆಚ್ಚಿನವರು ಬರಿಗಾಲಿನಲ್ಲಿರುತ್ತಾರೆ. ಬಿಸಿಲಿಗೆ ಕಾದ ನೆಲ, ಕಡಲೆಕಾಯಿ ಹೊಲದಂತಹ ಗಟ್ಟಿ ಮಣ್ಣು, ಅಲ್ಲಲ್ಲಿ ಕಲ್ಲು. ಚೆಂಡು ಎತ್ತ ಹೋದರೆ ಎಲ್ಲರೂ ಅತ್ತ ಓಡುತ್ತಾರೆ. ಒಬ್ಬನ ಕಾಲಿಗೆ ಚೆಂಡು ಸಿಕ್ಕಿತೆಂದರೆ ಅವನು ಅದನ್ನು ಬೇರೆ ಯಾರಿಗೂ ಕೊಡುವುದಿಲ್ಲ. ತಾನೇ ಗೋಲು ಹೊಡೆಯಬೇಕೆಂದು ಓಡುತ್ತಾನೆ, ನಾಲ್ವರು ಅವನನ್ನು ಸುತ್ತುಗಟ್ಟುತ್ತಾರೆ, ಧೂಳೆದ್ದು ಚೆಂಡೇ ಕಾಣದಾಗುತ್ತದೆ.

ಇಂತಹ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಚೆಂಡನ್ನು ಹಂಚಿಕೊಂಡು ಆಡುವುದನ್ನು ಕಲಿಸುವವನನ್ನು ತರಬೇತುದಾರ ಎನ್ನುತ್ತೇವೆ. ಇಂಗ್ಲಿಷಿನಿಂದ ಬಂದ ಕೋಚ್ ಎಂಬ ಮಾತು ಈಗ ನಮ್ಮ ಹಳ್ಳಿಗಳಲ್ಲೂ ಬಳಕೆಯಾಗಿದೆ. ಅಮೆರಿಕದಲ್ಲಿ ಕೋಚ್ ಎಂದರೆ ಊರಿಗೆ ದೊಡ್ಡ ಮನುಷ್ಯ. ಅಲ್ಲಿನವರು ಫುಟ್‌ಬಾಲ್ ಎಂದು ಕರೆಯುವ ಆಟವೇ ಬೇರೆ, ಅದನ್ನೂ ತಿಳಿದಿರಿ. ಅಲ್ಲಿ ಚೆಂಡು ಉರುಟಾಗಿರುವುದಿಲ್ಲ, ಎರಡು ತುದಿಗಳಲ್ಲಿ ಚೂಪಾಗಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ನಾವು ಆಡುವ ಆಟಕ್ಕೆ ಅವರು ಸಾಕರ್ ಎನ್ನುತ್ತಾರೆ. ಅಲ್ಲಿನ ಕೋಚ್ ಪ್ರತಿಯೊಂದು ಹೊಡೆತಕ್ಕೂ ಮೊದಲೇ ಗೆರೆಯ ಹೊರಗಿನಿಂದ ಆದೇಶ ಕೊಡಬಲ್ಲ, ಏಕೆಂದರೆ ಆ ಆಟ ನಿಂತು ನಿಂತು ನಡೆಯುತ್ತದೆ. ನಮ್ಮ ಕಾಲ್ಚೆಂಡಾಟ ಹಾಗಲ್ಲ. ಒಮ್ಮೆ ಶುರುವಾದರೆ ಹರಿಯುವ ನೀರಿನಂತೆ ಸಾಗುತ್ತದೆ. ಕಲಿಸುವವನು ಕಲಿಸಬೇಕಾದುದನ್ನೆಲ್ಲ ಆಟಕ್ಕೆ ಮೊದಲೇ ಕಲಿಸಿ ಮುಗಿಸಿರಬೇಕು. ಪರೀಕ್ಷೆಯ ಕೊಠಡಿಗೆ ಮಕ್ಕಳನ್ನು ಕಳುಹಿಸಿ ಹೊರಗೆ ನಿಂತ ಮೇಷ್ಟ್ರ ಪಾಡೇ ಅವನದೂ.

ಸೈಯದ್ ಅಬ್ದುಲ್ ರಹೀಮ್ ಅವರು ನಿಜವಾಗಿಯೂ ಮೇಷ್ಟ್ರೇ ಆಗಿದ್ದರು. ಅವರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಹೈದರಾಬಾದು ನಿಜಾಮರ ಸಂಸ್ಥಾನದ ರಾಜಧಾನಿ. ಇಂದಿನ ಕಲಬುರಗಿ, ಬೀದರ, ರಾಯಚೂರು, ಕೊಪ್ಪಳದ ಕಡೆಯ ಕನ್ನಡಿಗರೂ ಆ ಸಂಸ್ಥಾನದ ಪ್ರಜೆಗಳಾಗಿದ್ದರು. ನಮ್ಮ ಹಿಂದೂಪುರ, ಕಲ್ಯಾಣದುರ್ಗಗಳು ಮಾತ್ರ ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು. ರಹೀಮರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಅಲ್ಲಿಯ ತಂಡದಲ್ಲಿ ಆಡಿದರು. ಓದು ಮುಗಿದ ಮೇಲೆ ಕಾಚಿಗುಡದ ಮಾಧ್ಯಮಿಕ ಶಾಲೆಯೇ ಮೊದಲಾದ ಕಡೆ ಉಪಾಧ್ಯಾಯರಾದರು. ಮುಂದೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು, ಚಾದರ್‌ಘಾಟ್ ಪ್ರೌಢಶಾಲೆಯಲ್ಲಿ ಆಟಪಾಠಗಳ ಹೊಣೆ ಹೊತ್ತರು. ಸಂಜೆಯ ವೇಳೆ ಊರಿನ ಲೀಗ್ ಪಂದ್ಯಗಳಲ್ಲಿ ಕಮರ್ ಕ್ಲಬ್ಬಿನ ಪರವಾಗಿ ಆಡುತ್ತಿದ್ದರು. ಅವರು ಆಟಗಾರರಾಗಿ ದೇಶವೇ ಕೊಂಡಾಡುವಂತಹ ಹೆಸರು ಮಾಡಿದವರಲ್ಲ. ಕಲಿಸುವ ಕೆಲಸ ಅವರಿಗೆ ಒಲಿದಿತ್ತು.

ಶಾಲೆಗಳ ವೇಳಾಪಟ್ಟಿಯಲ್ಲಿ ಆಟದ ಪಿರಿಯಡ್ ಎಂದು ಬರೆದಿರುತ್ತದೆ. ಪರೀಕ್ಷೆ ಹತ್ತಿರವಾದಂತೆ ಅದು ಗಣಿತದ ಪಿರಿಯಡ್ಡಾಗಿ ಬದಲಾಗುತ್ತದೆ. ಡ್ರಿಲ್ ಮೇಷ್ಟ್ರೆಂದರೆ ಗಂಟೆ ಹೊಡೆಸುವುದಕ್ಕೆ, ಸಾಲು ಸರಿ ಮಾಡಿಸುವುದಕ್ಕೆ ಇರುವವರೆಂಬ ಭಾವನೆ ಇಂದಿಗೂ ಹೋಗಿಲ್ಲ. ರಹೀಮರ ಕಾಲದಲ್ಲಿ ಅದು ಇನ್ನೂ ಹೆಚ್ಚಾಗಿತ್ತೆಂದು ಊಹಿಸಬಹುದು. ಇದನ್ನು ಹೇಳಲು ಕಾರಣವಿದೆ. ದೇಶದ ತಂಡಕ್ಕೆ ಒಬ್ಬ ಶಾಲಾಮಾಸ್ತರ ಕೋಚ್ ಆಗುವುದು ಆಗಲೂ ಸಾಮಾನ್ಯ ಸಂಗತಿಯಾಗಿರಲಿಲ್ಲ. ಅವರು ಆ ಸ್ಥಾನಕ್ಕೆ ಏರಿದ್ದು ಹೈದರಾಬಾದ್ ಸಿಟಿ ಪೊಲೀಸ್ ತಂಡದ ಮೂಲಕ.

ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದ ರಹೀಮರು ಪೊಲೀಸ್ ತಂಡಕ್ಕೂ ತರಬೇತಿ ಕೊಡುತ್ತಿದ್ದರು. ಆ ದಿನಗಳಲ್ಲಿ ಭಾರತದ ಕಾಲ್ಚೆಂಡೆಂದರೆ ಕಲ್ಕತ್ತ. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮಹಮ್ಮಡನ್ ಸ್ಪೋರ್ಟಿಂಗ್ ಎಂಬ ಮೂರು ಕ್ಲಬ್ಬುಗಳ ಎದುರು ಉಳಿದವರು ಲೆಕ್ಕಕ್ಕಿಲ್ಲ. ಅಂಥದರಲ್ಲಿ ಹೈದರಾಬಾದಿನ ಪೊಲೀಸರು 1950ರಲ್ಲಿ ದೇಶದ ಅತ್ಯಂತ ಹಳೆಯ ಪಂದ್ಯಾವಳಿಯಾದ ಡುರಾಂಡ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನ್ ತಂಡವನ್ನೇ ಸೋಲಿಸಿದರು. ಮುಂಬಯಿಯಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ಗೆದ್ದರು. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಹೈದರಾಬಾದ್ ತಂಡ 1956-57ರಲ್ಲಿ, ಮತ್ತೆ 1957-58ರಲ್ಲಿ ತನ್ನದಾಗಿಸಿಕೊಂಡಿತು. ಇದೆಲ್ಲ ಯಾವುದೋ ಒಬ್ಬ ಅಸಾಮಾನ್ಯ ಆಟಗಾರನ ಪವಾಡವಲ್ಲ. ಆ ತಂಡದಲ್ಲಿ ಒಬ್ಬ ಹೋದರೆ ಅವನ ಜಾಗಕ್ಕೆ ಮತ್ತೊಬ್ಬ ಸಿದ್ಧನಾಗಿರುತ್ತಿದ್ದ. ಗಲ್ಲಿಗಳಿಂದ, ಶಾಲೆಗಳಿಂದ ಹುಡುಗರನ್ನು ಹೆಕ್ಕಿ ತೆಗೆದು ತಿದ್ದುವ ಏರ್ಪಾಡನ್ನು ರಹೀಮರು ಮಾಡಿದ್ದರು. ಸಿಕಂದರಾಬಾದಿನ ಹತ್ತಿರದ ಅಮ್ಮುಗುಡ ಎಂಬಲ್ಲಿನ ಬಡ ಕುಟುಂಬದ ತುಳಸೀದಾಸ್ ಬಲರಾಮ್ ಅವರ ಕಣ್ಣಿಗೆ ಬಿದ್ದದ್ದು ಹೀಗೆಯೇ. ಈ ಬಲರಾಮ್ ಮುಂದೆ ಎರಡು ಒಲಿಂಪಿಕ್‌ಗಳಲ್ಲಿ ಆಡಿದರು. ಭಾರತ ಕಂಡ ಅತ್ಯುತ್ತಮ ಫಾರ್ವರ್ಡ್ ಆಟಗಾರರ ಹೆಸರು ಹೇಳುವಾಗ ಅವರನ್ನು ಬಿಡುವಂತಿಲ್ಲ.

ರಹೀಮರು ಹುಡುಗರಿಗೆ ಕಲಿಸುತ್ತಿದ್ದ ಬಗೆಯನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಪ್ರತಿಯೊಬ್ಬ ಮನುಷ್ಯನಿಗೂ ಒಂದು ಕಾಲು ಹೆಚ್ಚು ವಶವಾಗಿರುತ್ತದೆ. ಬಲಗೈಯಲ್ಲಿ ಬರೆಯುವವನು ಎಡಗೈಯಲ್ಲಿ ಬರೆಯಲು ಹೋದರೆ ಅಕ್ಷರಗಳು ಸೊಟ್ಟಗಾಗುವಂತೆ, ಬಲಗಾಲಿನವನು ಎಡಗಾಲಿನಿಂದ ಒದ್ದರೆ ಚೆಂಡು ಎತ್ತಲೋ ಹೋಗುತ್ತದೆ. ಆದ್ದರಿಂದ ಚೆಂಡು ಎಡಬದಿಗೆ ಬಂದಾಗ ಅವನು ಒಂದು ಕ್ಷಣ ನಿಂತು, ಅದನ್ನು ಬಲಗಾಲಿನ ಕಡೆಗೆ ತಿರುಗಿಸಿಕೊಳ್ಳುತ್ತಾನೆ. ಆ ಒಂದು ಕ್ಷಣ ಎದುರಾಳಿಗೆ ಸಾಕು. ಅಷ್ಟೇ ಅಲ್ಲ, ಇವನು ಬಲಗಾಲಿನಲ್ಲಿ ಮಾತ್ರ ಒದೆಯಬಲ್ಲನೆಂದು ತಿಳಿದ ಮೇಲೆ ಎದುರಾಳಿ ಬಲಗಡೆಯ ದಾರಿಯನ್ನೇ ಕಟ್ಟಿ ನಿಲ್ಲುತ್ತಾನೆ. ಎಡಗಾಲಿನಲ್ಲಿ ಅಭ್ಯಾಸ ಮಾಡು ಎಂದು ಎಷ್ಟು ಸಲ ಹೇಳಿದರೂ ಪಂದ್ಯದ ಬಿಸಿಯಲ್ಲಿ ಹುಡುಗರು ಅದನ್ನು ಮರೆಯುತ್ತಾರೆ. ರಹೀಮರು ಬರಿಯ ಉಪದೇಶ ಮಾಡಲಿಲ್ಲ. ವಶವಿಲ್ಲದ ಕಾಲಿನಲ್ಲೇ ಆಡಬೇಕೆಂಬ ನಿಯಮವಿಟ್ಟು ಪಂದ್ಯಾವಳಿಗಳನ್ನೇ ಏರ್ಪಡಿಸಿದರು! ಗೆಲ್ಲುವ ಆಸೆ ಇದ್ದವನು ಸೋಮಾರಿ ಕಾಲನ್ನು ಎಬ್ಬಿಸಲೇಬೇಕಾಯಿತು.

ಇನ್ನೊಂದು ಬಗೆಯ ಪಂದ್ಯಾವಳಿಯಲ್ಲಿ ಡ್ರಿಬಲ್ ಮಾಡುವಂತಿರಲಿಲ್ಲ. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಇಟ್ಟು, ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ತಪ್ಪಿಸುತ್ತಾ ಓಡುವುದೇ ಡ್ರಿಬಲ್. ನೋಡುವುದಕ್ಕೆ ಅದು ಬಹಳ ಚೆಂದ. ಚಪ್ಪಾಳೆಗಳೆಲ್ಲ ಅದಕ್ಕೇ ಬೀಳುತ್ತವೆ. ಆದರೆ ಮನುಷ್ಯ ಎಷ್ಟು ವೇಗವಾಗಿ ಓಡಿದರೂ ಒದ್ದ ಚೆಂಡು ಅವನಿಗಿಂತ ವೇಗವಾಗಿ ಹೋಗುತ್ತದೆ. ಇಪ್ಪತ್ತು ಹೆಜ್ಜೆ ದೂರದ ಜೊತೆಗಾರನಿಗೆ ಚೆಂಡನ್ನು ಕೂಡಲೇ ದಾಟಿಸಿದರೆ ಎದುರಾಳಿಗೆ ತಿರುಗಿ ನೋಡುವಷ್ಟೂ ಹೊತ್ತು ಸಿಗುವುದಿಲ್ಲ. ಡ್ರಿಬಲ್ ಇಲ್ಲದ ಪಂದ್ಯದಲ್ಲಿ ಇನ್ನೊಂದು ಲಾಭವಿತ್ತು. ಚೆಂಡು ಬಂದ ಮೇಲೆ ಯೋಚಿಸುವುದಕ್ಕೆ ಅವಕಾಶವಿಲ್ಲ. ಬರುವ ಮೊದಲೇ ಯಾರಿಗೆ ಕೊಡಬೇಕೆಂದು ನೋಡಿಕೊಂಡಿರಬೇಕು. ಚೆಂಡಿಲ್ಲದವನೂ ಸುಮ್ಮನೆ ನಿಲ್ಲದೆ ಖಾಲಿ ಜಾಗಕ್ಕೆ ಓಡಿ ಬೇಡಬೇಕು. ನಮ್ಮ ಬಯಲಿನ ಹುಡುಗರಲ್ಲಿ ಇಲ್ಲದ್ದು ಈ ಗುಣವೇ. ಹೈದರಾಬಾದಿನ ತಂಡಗಳ ಹೆಸರು ಹಬ್ಬಿದ್ದು ಈ ಪುಟ್ಟ ಪುಟ್ಟ ಪಾಸುಗಳಿಂದ.

ಈ ಅಭ್ಯಾಸಗಳಿಗೆ ಖರ್ಚೇನೂ ಇಲ್ಲವೆಂಬುದನ್ನು ಗಮನಿಸಿ. ಹುಲ್ಲಿನ ಮೈದಾನ ಬೇಡ, ಯಂತ್ರಗಳು ಬೇಡ. ಒಂದು ಚೆಂಡು, ಒಂದು ನಿಯಮ, ಆ ನಿಯಮವನ್ನು ಬಿಡದೆ ನಡೆಸುವ ಒಬ್ಬ ಮನುಷ್ಯ.

1951ರಲ್ಲಿ ಮೊದಲನೆಯ ಏಷ್ಯನ್ ಕ್ರೀಡಾಕೂಟ ದೆಹಲಿಯಲ್ಲಿ ನಡೆಯಿತು. ಸೈಲೇನ್ ಮನ್ನಾ ನಾಯಕರಾಗಿದ್ದ ತಂಡಕ್ಕೆ ರಹೀಮರು ತರಬೇತಿ ಕೊಟ್ಟರು. ಭಾರತ ಇಂಡೋನೇಷ್ಯಾವನ್ನೂ ಆಫ್ಘಾನಿಸ್ತಾನವನ್ನೂ ಸೋಲಿಸಿತು. ಅಂತಿಮ ಪಂದ್ಯದಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನನ್ನು ಮಣಿಸಿ ಚಿನ್ನದ ಪದಕ ಪಡೆಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ನಾಲ್ಕು ವರ್ಷವೂ ತುಂಬಿರಲಿಲ್ಲ. ಸಂತೋಷಕ್ಕೆ ಪಾರವಿರಲಿಲ್ಲ.

ಮರುವರ್ಷವೇ ಪೆಟ್ಟು ಬಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್‌ನಲ್ಲಿ ಯುಗೊಸ್ಲಾವಿಯ ತಂಡ ಭಾರತವನ್ನು 10-1 ಗೋಲುಗಳಿಂದ ಸೋಲಿಸಿತು. ನಮ್ಮ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಪಂಚಪಾಂಡವರೆಂದು ಹೆಸರಾದ ಐವರು ಫಾರ್ವರ್ಡ್‌ಗಳಲ್ಲಿ ಅವರೂ ಒಬ್ಬರು. ಅದಕ್ಕೂ ಹಿಂದೆ, 1948ರ ಲಂಡನ್ ಒಲಿಂಪಿಕ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. ಹಿಂದೂಪುರಕ್ಕೆ ಬೆಂಗಳೂರು ನೂರು ಕಿಲೋಮೀಟರಿನ ಆಸುಪಾಸು. ಅಲ್ಲಿಂದ ಹೈದರಾಬಾದಿಗೆ ಹೋಗುವ ರೈಲು ನಮ್ಮ ಹಿಂದೂಪುರ, ಧರ್ಮಾವರ, ಅನಂತಪುರಗಳನ್ನು ದಾಟಿಯೇ ಹೋಗಬೇಕು. ಕಾಲ್ಚೆಂಡಿನ ಎರಡು ದೊಡ್ಡ ಊರುಗಳ ನಡುವಿನ ದಾರಿಯಲ್ಲಿ ನಾವಿದ್ದೇವೆ.

ಹೆಲ್ಸಿಂಕಿಯ ಸೋಲಿಗೆ ಜನರು ಹೇಳಿದ ಮೊದಲ ಕಾರಣ ಬರಿಗಾಲು. ನಮ್ಮವರಲ್ಲಿ ಹಲವರು ಬೂಟಿಲ್ಲದೆ ಆಡಿದ್ದರು. ಬರಿಗಾಲಿನ ಆಟಕ್ಕೆ ಅದರದೇ ಆದ ಹಿರಿಮೆ ಇತ್ತು. 1911ರಲ್ಲಿ ಮೋಹನ್ ಬಾಗಾನ್ ತಂಡ ಒಬ್ಬನನ್ನು ಬಿಟ್ಟು ಉಳಿದೆಲ್ಲರೂ ಬರಿಗಾಲಿನಲ್ಲೇ ಆಡಿ ಇಂಗ್ಲಿಷ್ ಸೈನಿಕರ ತಂಡವನ್ನು ಸೋಲಿಸಿದ ಸಂಗತಿ ಸ್ವಾತಂತ್ರ್ಯ ಹೋರಾಟದ ಕತೆಗಳೊಡನೆ ಸೇರಿಹೋಗಿದೆ. ಒಣನೆಲದಲ್ಲಿ ಬರಿಗಾಲಿಗೆ ಚೆಂಡಿನ ಸ್ಪರ್ಶ ಚೆನ್ನಾಗಿ ತಿಳಿಯುತ್ತದೆ. ಆದರೆ ಚಳಿಯ, ಒದ್ದೆ ಹುಲ್ಲಿನ ನೆಲದಲ್ಲಿ ಅದು ಜಾರುತ್ತದೆ. ಬೂಟಿನ ಅಡಿಯಲ್ಲಿರುವ ಗುಬ್ಬಿಗಳು ನೆಲವನ್ನು ಕಚ್ಚಿ ಹಿಡಿಯುತ್ತವೆ. ಬೂಟು ತೊಟ್ಟ ಎದುರಾಳಿಯ ಕಾಲಿಗೆ ಬರಿಗಾಲನ್ನು ಒಡ್ಡುವುದಕ್ಕೆ ಎಂಥವನಿಗೂ ಅಂಜಿಕೆ. ಆ ಸೋಲಿನ ನಂತರ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಬೂಟನ್ನು ಕಡ್ಡಾಯ ಮಾಡಿತು.

ಬರಿಗಾಲೊಂದೇ ಕಾರಣವಾಗಿದ್ದರೆ ಬೂಟು ಕೊಂಡ ದಿನವೇ ನಾವು ಗೆಲ್ಲಬೇಕಾಗಿತ್ತು. ದೊಡ್ಡ ಕೊರತೆ ಇದ್ದದ್ದು ಆಟಗಾರರನ್ನು ನಿಲ್ಲಿಸುವ ಕ್ರಮದಲ್ಲಿ ಎಂದು ನನ್ನ ತಿಳುವಳಿಕೆ. ಗೋಲ್‌ಕೀಪರನನ್ನು ಬಿಟ್ಟು ಉಳಿದ ಹತ್ತು ಮಂದಿಯನ್ನು ಹೇಗೆ ನಿಲ್ಲಿಸಬೇಕು? ಹಳೆಯ ಪದ್ಧತಿಯಲ್ಲಿ ಹಿಂದೆ ಇಬ್ಬರು ಬ್ಯಾಕ್‌ಗಳು, ನಡುವೆ ಮೂವರು ಹಾಫ್‌ಗಳು, ಮುಂದೆ ಐವರು ಫಾರ್ವರ್ಡ್‌ಗಳು. ಭಾರತದ ಅನೇಕ ಕ್ಲಬ್ಬುಗಳು ಆಗಿನ್ನೂ ಇದನ್ನೇ ನೆಚ್ಚಿದ್ದವು. ಐದು ಮಂದಿ ಕೊಯ್ಲಿಗೆ ಹೋದಾಗ ಮನೆ ಕಾಯಲು ಇಬ್ಬರೇ ಉಳಿದಂತೆ. ಯುರೋಪಿನ ವೇಗದ ಫಾರ್ವರ್ಡ್‌ಗಳು ನುಗ್ಗಿದರೆ ಇಬ್ಬರಿಂದ ಏನಾದೀತು? ಅದೇ ಹೆಲ್ಸಿಂಕಿಯಲ್ಲಿ ಚಿನ್ನ ಗೆದ್ದ ಹಂಗೆರಿ ತಂಡ ಹೊಸದೊಂದು ಉಪಾಯ ಮಾಡಿತ್ತು. ಅವರ ಸೆಂಟರ್ ಫಾರ್ವರ್ಡ್ ಮುಂದೆ ನಿಲ್ಲದೆ ಹಿಂದಕ್ಕೆ ಸರಿಯುತ್ತಿದ್ದ. ಅವನನ್ನು ಕಾಯಬೇಕಾದವನು ಅವನ ಹಿಂದೆ ಹೋದರೆ ಗೋಲಿನ ಮುಂದೆ ಜಾಗ ಖಾಲಿ. ಹೋಗದೆ ನಿಂತರೆ ಇವನು ಹಾಯಾಗಿ ಚೆಂಡು ಹಂಚುತ್ತಾನೆ. ಮರುವರ್ಷ, 1953ರಲ್ಲಿ, ಇದೇ ಉಪಾಯದಿಂದ ಹಂಗೆರಿಯವರು ಇಂಗ್ಲೆಂಡನ್ನು ಅದರ ನೆಲದಲ್ಲೇ 6-3ರಿಂದ ಸೋಲಿಸಿದರು. ರಹೀಮರು ಈ ಹೊಸ ಆಟದ ಗುಟ್ಟನ್ನು ಅರಗಿಸಿಕೊಂಡರು. ಹತ್ತು ಗೋಲು ತಿಂದ ತಂಡದ ತರಬೇತುದಾರ ತಲೆ ಮರೆಸಿಕೊಂಡು ಕುಳಿತಿದ್ದರೂ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಇವರು ನಾಲ್ಕು ವರ್ಷ ಕಾದು ಮೆಲ್ಬರ್ನಿಗೆ ಹೊರಟರು.

1956ರ ನವೆಂಬರ್ 1ರಂದು ಆಂಧ್ರಪ್ರದೇಶ ರಾಜ್ಯ ಹುಟ್ಟಿತು. ಅದೇ ದಿನ ಕನ್ನಡ ನಾಡುಗಳೂ ಒಂದಾದವು. ಆ ತಿಂಗಳು ಕಳೆದು ಡಿಸೆಂಬರ್ 1ರಂದು ಮೆಲ್ಬರ್ನಿನಲ್ಲಿ ಭಾರತ ತಂಡ ಆತಿಥೇಯ ಆಸ್ಟ್ರೇಲಿಯವನ್ನು ಎದುರಿಸಿತು. ಮೊದಲ ಸುತ್ತಿನ ಎದುರಾಳಿ ಹಂಗೆರಿ ಬಾರದಿದ್ದುದರಿಂದ ನಮಗೆ ಇದೇ ಮೊದಲ ಪಂದ್ಯ. ಸಮರ್ ಬ್ಯಾನರ್ಜಿ ನಾಯಕರು. ರಹೀಮರ ಹೈದರಾಬಾದಿನ ಹುಡುಗರೇ ತಂಡದಲ್ಲಿ ಹಲವರಿದ್ದರು. ಹಾಫ್ ಸ್ಥಾನದಲ್ಲಿ ಆಡುತ್ತಿದ್ದ ಬೆಂಗಳೂರಿನ ಕೆಂಪಯ್ಯನವರೂ ಆ ತಂಡದವರು. ಮುಂಬಯಿಯ ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ ಪಂದ್ಯವೊಂದರಲ್ಲಿ ಮೂರು ಗೋಲು ಹೊಡೆದ ಮೊದಲ ಏಷ್ಯಾದ ಆಟಗಾರ ಅವರು. ವಿರಾಮದ ಹೊತ್ತಿಗೆ 2-2 ಸಮವಾಗಿದ್ದ ಪಂದ್ಯವನ್ನು ಭಾರತ 4-2ರಿಂದ ಗೆದ್ದಿತು.

ಉಪಾಂತ್ಯದಲ್ಲಿ ಎದುರು ನಿಂತದ್ದು ಮತ್ತೆ ಅದೇ ಯುಗೊಸ್ಲಾವಿಯ. ಮೊದಲರ್ಧದಲ್ಲಿ ಅವರಿಗೆ ಒಂದು ಗೋಲನ್ನೂ ನಮ್ಮವರು ಕೊಡಲಿಲ್ಲ. ದ್ವಿತೀಯಾರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಡಿಸೋಜ ಗೋಲು ಹೊಡೆದು ಭಾರತಕ್ಕೆ ಮುನ್ನಡೆ ತಂದರು. ಕೆಲವೇ ನಿಮಿಷ ಅಷ್ಟೇ. ಆಮೇಲೆ ಅವರು ನಾಲ್ಕು ಗೋಲು ಹಾಕಿದರು. ಮೂರನೆಯ ಸ್ಥಾನದ ಪಂದ್ಯದಲ್ಲಿ ಬಲ್ಗೇರಿಯಕ್ಕೂ ಸೋತು ಭಾರತ ನಾಲ್ಕನೆಯದಾಯಿತು. ಏಷ್ಯಾದ ಯಾವ ತಂಡವೂ ಅಲ್ಲಿಯವರೆಗೆ ಒಲಿಂಪಿಕ್ ಕಾಲ್ಚೆಂಡಿನಲ್ಲಿ ಉಪಾಂತ್ಯ ತಲುಪಿರಲಿಲ್ಲ. 1-10 ಇದ್ದದ್ದು ನಾಲ್ಕು ವರ್ಷದಲ್ಲಿ 1-4 ಆಯಿತು, ಅದೂ ಮೊದಲು ಮುನ್ನಡೆ ಪಡೆದು. ಸೋಲಿನಲ್ಲೂ ಲೆಕ್ಕವಿರುತ್ತದೆ.

1960ರ ರೋಮ್ ಒಲಿಂಪಿಕ್‌ನಲ್ಲಿ ಪದಕ ಬರಲಿಲ್ಲ. ಹಂಗೆರಿಗೆ 1-2ರಿಂದ ಸೋತು, ಫ್ರಾನ್ಸಿನೊಡನೆ 1-1 ಸಮ ಮಾಡಿ, ಪೆರುವಿಗೆ 1-3ರಿಂದ ಸೋತು ತಂಡ ಹಿಂತಿರುಗಿತು. ಗುಂಪಿನ ಹಂತದಲ್ಲೇ ಹೊರಬಿದ್ದರೂ ಹಂಗೆರಿ, ಫ್ರಾನ್ಸಿನಂತಹ ತಂಡಗಳಿಗೆ ಸಮಸಮವಾಗಿ ಆಡಿದ ಆ ಮೂರು ಪಂದ್ಯಗಳನ್ನು ಬಲ್ಲವರು ಈಗಲೂ ಮೆಚ್ಚುತ್ತಾರೆ. ಅಷ್ಟರಲ್ಲಿ ರಹೀಮರು ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು ಎಂಬ ಹೊಸ ಪದ್ಧತಿಯನ್ನು ನಮ್ಮವರಿಗೆ ರೂಢಿ ಮಾಡಿಸುತ್ತಿದ್ದರು. ಬ್ರೆಜಿಲ್ 1958ರ ವಿಶ್ವಕಪ್ ಗೆದ್ದು ಜಗತ್ತಿಗೆಲ್ಲ ಪರಿಚಯಿಸಿದ ಪದ್ಧತಿ ಅದು. ರೋಮ್ ತಂಡದಲ್ಲಿ ರಹೀಮರ ಮಗ ಸೈಯದ್ ಶಾಹಿದ್ ಹಕೀಮ್ ಕೂಡ ಇದ್ದರು.

ಇನ್ನು ಜಕಾರ್ತಾದ ಕತೆ. ಭಾರತದ ಕಾಲ್ಚೆಂಡಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಅಧ್ಯಾಯವಿಲ್ಲ.

1962ರ ಏಷ್ಯನ್ ಕ್ರೀಡಾಕೂಟ ಇಂಡೋನೇಷ್ಯಾದಲ್ಲಿ ನಡೆಯಿತು. ಇಸ್ರೇಲ್ ಮತ್ತು ತೈವಾನ್ ದೇಶದವರಿಗೆ ಆ ಸರ್ಕಾರ ಪ್ರವೇಶ ನಿರಾಕರಿಸಿತು. ಏಷ್ಯನ್ ಕ್ರೀಡಾಕೂಟವನ್ನು ಕಟ್ಟಿದವರಲ್ಲಿ ಒಬ್ಬರಾದ ಭಾರತದ ಜಿ. ಡಿ. ಸೋಂಧಿಯವರು ಇದು ನಿಯಮಕ್ಕೆ ವಿರುದ್ಧವೆಂದು ಆಕ್ಷೇಪಿಸಿದರು. ಅದಕ್ಕೆ ಅಲ್ಲಿನ ಜನ ಕೆರಳಿದರು. ಒಂದು ಗುಂಪು ನಮ್ಮ ರಾಯಭಾರ ಕಚೇರಿಗೇ ನುಗ್ಗಿತು. ಆಟಗಾರರದು ಇದರಲ್ಲಿ ಯಾವ ತಪ್ಪೂ ಇರಲಿಲ್ಲ. ಆದರೂ ಭಾರತದ ಹೆಸರು ಕೇಳಿದರೆ ಕ್ರೀಡಾಂಗಣದಲ್ಲಿ ಕೂಗಾಟ, ಛೀಮಾರಿ.

ತಂಡದ ಒಳಗಿನ ಸ್ಥಿತಿಯೂ ಚೆನ್ನಾಗಿರಲಿಲ್ಲ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ 2-0ರಿಂದ ಸೋಲಿಸಿತು. ಎರಡನೆಯ ಪಂದ್ಯದಲ್ಲಿ ಥೈಲೆಂಡನ್ನು 4-1ರಿಂದ ಗೆದ್ದರೂ, ಹಿಂಪಡೆಯ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಮಾಡಿಕೊಂಡು ಹೊಲಿಗೆ ಹಾಕಿಸಿಕೊಳ್ಳಬೇಕಾಯಿತು. ಅವರಿಲ್ಲದೆಯೇ ಜಪಾನನ್ನು 2-0ರಿಂದ ಸೋಲಿಸಿದ್ದಾಯಿತು. ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಮಲಗಿದ್ದರು. ಇವೆಲ್ಲಕ್ಕಿಂತ ದೊಡ್ಡ ಕಾಯಿಲೆ ಮೇಷ್ಟ್ರಿಗೇ ಇತ್ತು. ರಹೀಮರ ಶ್ವಾಸಕೋಶವನ್ನು ಕ್ಯಾನ್ಸರ್ ಹಿಡಿದಿತ್ತು. ಆ ದಿನಗಳಲ್ಲಿ ಅದಕ್ಕೆ ಇಂದಿನಂತಹ ಚಿಕಿತ್ಸೆಗಳಿರಲಿಲ್ಲ.

ಇಲ್ಲಿ ರಹೀಮರು ಒಂದು ವಿಚಿತ್ರ ತೀರ್ಮಾನ ಕೈಗೊಂಡರು. ತಲೆಗೆ ಹೊಲಿಗೆ ಬಿದ್ದ ಜರ್ನೈಲರನ್ನು ಹಿಂದೆ ನಿಲ್ಲಿಸದೆ ಸೆಂಟರ್ ಫಾರ್ವರ್ಡ್ ಮಾಡಿ ಮುಂದಕ್ಕೆ ಕಳುಹಿಸಿದರು. ಕೇಳಿದರೆ ಹುಚ್ಚುತನ ಅನ್ನಿಸುತ್ತದೆ. ಯೋಚಿಸಿ ನೋಡಿ. ಹಿಂದೆ ನಿಂತವನು ಎದುರಾಳಿ ಕಳುಹಿಸುವ ಪ್ರತಿಯೊಂದು ಎತ್ತರದ ಚೆಂಡಿಗೂ ತಲೆ ಕೊಡಲೇಬೇಕು. ಅವನಿಗೆ ಆಯ್ಕೆಯಿಲ್ಲ. ಮುಂದೆ ನಿಂತವನು ತನಗೆ ಬೇಕಾದಾಗ ಮಾತ್ರ ನುಗ್ಗಬಹುದು. ಜರ್ನೈಲರಿಗೆ ಹಿಂದೆ ಮುಂಪಡೆಯಲ್ಲಿ ಆಡಿದ ಅಭ್ಯಾಸವೂ ಇತ್ತು. ಎತ್ತರದ ಗಟ್ಟಿ ಆಳು, ಎದೆಗಾರ. ಅವರ ಜಾಗ ಕಾಯಲು ಅರುಣ್ ಘೋಷ್ ಇದ್ದರು. ತನ್ನ ಬಳಿ ಇರುವ ಕಾಳು ಎಷ್ಟು, ಯಾವ ಹೊಲಕ್ಕೆ ಯಾವುದನ್ನು ಬಿತ್ತಬೇಕು ಎಂದು ಬರಗಾಲದ ರೈತ ಎಣಿಸುವಂತೆ ರಹೀಮರು ಎಣಿಸಿದರು. ಉಪಾಂತ್ಯದಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಭಾರತ 3-2ರಿಂದ ಗೆದ್ದಿತು. ನಾಯಕ ಚುನಿ ಗೋಸ್ವಾಮಿ ಎರಡು ಗೋಲು, ಜರ್ನೈಲ್ ಒಂದು.

1962ರ ಸೆಪ್ಟೆಂಬರ್ 4. ಅಂತಿಮ ಪಂದ್ಯದಲ್ಲಿ ಎದುರಾಳಿ ಮೊದಲ ದಿನ ಸೋಲಿಸಿದ್ದ ಅದೇ ದಕ್ಷಿಣ ಕೊರಿಯ. ಸುಮಾರು ಒಂದು ಲಕ್ಷ ಜನ ತುಂಬಿದ ಕ್ರೀಡಾಂಗಣದಲ್ಲಿ ಬಹುಪಾಲು ಎಲ್ಲರೂ ಭಾರತದ ಸೋಲನ್ನೇ ಬಯಸುತ್ತಿದ್ದರು. ಜ್ವರದಿಂದ ಎದ್ದ ತಂಗರಾಜರನ್ನು ರಹೀಮರು ಗೋಲಿಗೆ ನಿಲ್ಲಿಸಿದರು. 17ನೆಯ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿ ಗೋಲು ಹೊಡೆದರು. ಮೂರೇ ನಿಮಿಷಗಳ ನಂತರ ಜರ್ನೈಲ್ ಎರಡನೆಯದನ್ನು ಹಾಕಿದರು. ಆಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿದು ನಿಲ್ಲುವ ಕೆಲಸ. ಕೊನೆಗೆ ಐದು ನಿಮಿಷ ಉಳಿದಿರುವಾಗ ಕೊರಿಯದವರು ಒಂದು ಗೋಲು ತೀರಿಸಿದರು. ಮತ್ತೊಂದಕ್ಕೆ ಅವಕಾಶ ಸಿಗಲಿಲ್ಲ. ಭಾರತ 2-1ರಿಂದ ಗೆದ್ದಿತು. ಆ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು, ಹೈದರಾಬಾದಿನ ಯೂಸುಫ್ ಖಾನ್ ಇದ್ದರು, ಅಮ್ಮುಗುಡದ ಬಲರಾಮ್ ಇದ್ದರು. ಬಂಗಾಳಿ, ಪಂಜಾಬಿ, ಕೊಂಕಣಿ, ಉರ್ದು, ತಮಿಳು ಇಷ್ಟೊಂದು ಮನೆಮಾತಿನವರು ಕೂಗಾಟದ ನಡುವೆ ಒಬ್ಬರ ಇಂಗಿತವನ್ನು ಒಬ್ಬರು ಕಣ್ಣಿನಲ್ಲೇ ಅರಿತು ಆಡಬೇಕಾಗಿತ್ತು. ಎರಡು ಭಾಷೆಗಳ ನಡುವೆ ಬೆಳೆಯುತ್ತಿರುವ ಗಡಿನಾಡಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಹೀಮರು ಚಿನ್ನದ ಪದಕದೊಂದಿಗೆ ಹಿಂತಿರುಗಿದ ಒಂಬತ್ತು ತಿಂಗಳಿಗೆ, 1963ರ ಜೂನ್ 11ರಂದು, ತೀರಿಕೊಂಡರು. ಐವತ್ತಮೂರು ವರ್ಷ ವಯಸ್ಸು. ಮರುವರ್ಷ ಭಾರತ ಏಷ್ಯಾ ಕಪ್ಪಿನಲ್ಲಿ ಎರಡನೆಯ ಸ್ಥಾನ ಪಡೆಯಿತು, 1970ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು. ಏಷ್ಯನ್ ಕ್ರೀಡಾಕೂಟದ ಚಿನ್ನ ಮತ್ತೆ ಬಂದಿಲ್ಲ. 1960ರ ರೋಮ್‌ನ ನಂತರ ಭಾರತದ ಕಾಲ್ಚೆಂಡು ತಂಡ ಒಲಿಂಪಿಕ್ ಮೈದಾನಕ್ಕೆ ಇಳಿದೇ ಇಲ್ಲ. ಒಬ್ಬ ಮನುಷ್ಯನ ಸಾವಿನಿಂದಲೇ ಹೀಗಾಯಿತೆಂದರೆ ಅತಿಶಯೋಕ್ತಿಯಾದೀತು. ಏಷ್ಯಾದ ಉಳಿದ ದೇಶಗಳು ಆಟಕ್ಕೆ ಹಣ, ಮೈದಾನ, ತರಬೇತಿ ಎಲ್ಲವನ್ನೂ ಒದಗಿಸಿಕೊಂಡು ಮುಂದೆ ಓಡಿದವು. ಆದರೆ ಗಲ್ಲಿಯ ಹುಡುಗರಿಗೆ ವಶವಿಲ್ಲದ ಕಾಲಿನ ಪಂದ್ಯಾವಳಿ ನಡೆಸುವ ಇನ್ನೊಬ್ಬ ಮೇಷ್ಟ್ರನ್ನು ನಾವು ಹುಡುಕಿಕೊಂಡೆವೇ ಎಂಬ ಪ್ರಶ್ನೆ ಉಳಿಯುತ್ತದೆ. 2024ರಲ್ಲಿ ರಹೀಮರ ಬದುಕನ್ನು ಆಧರಿಸಿ 'ಮೈದಾನ್' ಎಂಬ ಹಿಂದಿ ಚಲನಚಿತ್ರ ಬಂದಿತು. ನೋಡಲು ಸಿಕ್ಕರೆ ನೋಡಿ. ಸಿನಿಮಾದಲ್ಲಿ ಕತೆಗಾಗಿ ಸೇರಿಸಿದ್ದು ಯಾವುದು, ನಡೆದದ್ದು ಯಾವುದು ಎಂಬ ವಿವೇಚನೆಯೂ ಇರಲಿ.

ಅವರ ಮಗ ಹಕೀಮ್ ವಾಯುಪಡೆಯ ಅಧಿಕಾರಿಯಾಗಿ, ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾಗಿ, ತರಬೇತುದಾರರಾಗಿ ಆಟದೊಡನೆಯೇ ಬದುಕಿದರು. 2017ರಲ್ಲಿ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಬಂದಿತು. ಅವರು ಕೊನೆಯುಸಿರೆಳೆದದ್ದು 2021ರ ಆಗಸ್ಟ್ 22ರಂದು, ಕನ್ನಡದ ಊರಾದ ಕಲಬುರಗಿಯಲ್ಲಿ.

ಅಭ್ಯಾಸ

1. ವಶವಿಲ್ಲದ ಕಾಲಿನಲ್ಲಿ ಆಡುವ ಪಂದ್ಯಾವಳಿಯನ್ನು ರಹೀಮರು ಏಕೆ ಏರ್ಪಡಿಸಿದರು? ನಿಮ್ಮ ಮಾತಿನಲ್ಲಿ ಬರೆಯಿರಿ.

2. ಹೆಲ್ಸಿಂಕಿಯ ಸೋಲಿಗೆ ಪಾಠದಲ್ಲಿ ಎರಡು ಕಾರಣಗಳಿವೆ. ಅವುಗಳಲ್ಲಿ ಯಾವುದು ದೊಡ್ಡದೆಂದು ನಿಮಗೆ ತೋರುತ್ತದೆ? ಲೇಖಕರ ಅಭಿಪ್ರಾಯವನ್ನು ಒಪ್ಪಲೇಬೇಕೆಂದಿಲ್ಲ.

3. ಗಾಯಗೊಂಡ ಜರ್ನೈಲ್ ಸಿಂಗರನ್ನು ಮುಂದಕ್ಕೆ ಕಳುಹಿಸಿದ್ದು ಸರಿಯೇ? ತರಗತಿಯಲ್ಲಿ ಎರಡು ಗುಂಪುಗಳಾಗಿ ಚರ್ಚಿಸಿ.

4. 'ತಲೆ ಮರೆಸಿಕೊ', 'ಲೆಕ್ಕಕ್ಕಿಲ್ಲ', 'ಪಾರವಿರಲಿಲ್ಲ' ಇವುಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿ.

5. ಮಾಡಿ ನೋಡಿ: ಮುಂದಿನ ಆಟದ ಪಿರಿಯಡ್ಡಿನಲ್ಲಿ ಹತ್ತು ನಿಮಿಷ ಡ್ರಿಬಲ್ ಇಲ್ಲದ ಪಂದ್ಯ ಆಡಿ. ಪ್ರತಿಯೊಬ್ಬನಿಗೂ ಎಷ್ಟು ಸಲ ಚೆಂಡು ಸಿಕ್ಕಿತೆಂದು ಗೆರೆಯ ಹೊರಗೆ ನಿಂತ ಒಬ್ಬರು ಎಣಿಸಲಿ. ಎಂದಿನ ಆಟದಲ್ಲೂ ಹಾಗೆಯೇ ಎಣಿಸಿ, ಎರಡನ್ನೂ ಕರಿಹಲಗೆಯ ಮೇಲೆ ಬರೆದು ಹೋಲಿಸಿ.